ಮೆಚ್ಚಿನ ದೂರವೋ, ಆದಷ್ಟು ಹತ್ತಿರವೋ: ಗಾಲ್ಫ್ ಸುತ್ತಿನ ಎರಡು ಯೋಜನೆಗಳ ಹೋಲಿಕೆ

ಕಲಬುರಗಿಯಿಂದ ಹೈದರಾಬಾದಿಗೆ ಹೋಗಿ, ಗೋಲ್ಕೊಂಡ ಕೋಟೆಯ ನಯಾ ಕಿಲಾ ಆವರಣದ 18 ಹೋಲ್‌ಗಳ ಮೈದಾನದಲ್ಲಿ ಆಡುವ ನಮ್ಮಂಥವರಿಗೆ ಅಭ್ಯಾಸದ ಸುತ್ತುಗಳು ಸಿಗುವುದು ಅಪರೂಪ. ಆದ್ದರಿಂದ ಯಾವ ಹೋಲ್‌ನಲ್ಲಿ ಯಾವ ಕ್ಲಬ್ (ಚೆಂಡು ಹೊಡೆಯುವ ಕೋಲು) ಹಿಡಿಯಬೇಕೆಂಬುದನ್ನು ಮನೆಯಲ್ಲೇ ಉಪಗ್ರಹ ನಕ್ಷೆ ನೋಡಿ ನಿರ್ಧರಿಸಿಕೊಂಡು ಹೊರಡುತ್ತೇವೆ. ನಾನು ಆಡಿ ನೋಡಿದ ಕ್ರಮಗಳು ಎರಡು. ಮೊದಲನೆಯದು, ಗ್ರೀನ್‌ನಿಂದ (ಕುಳಿ ಇರುವ ನುಣುಪು ಹುಲ್ಲುಹಾಸಿನಿಂದ) ಹಿಂದಕ್ಕೆ ಲೆಕ್ಕ ಹಾಕುತ್ತ ಬಂದು, ಗ್ರೀನ್‌ಗೆ ಹೊಡೆಯುವಾಗ ನಮಗೆ ಮೆಚ್ಚಿನ ದೂರವೇ ಉಳಿಯುವಂತೆ ಚೆಂಡನ್ನು ನಿಲ್ಲಿಸುವುದು. ಎರಡನೆಯದು, ಅಪಾಯವಿಲ್ಲದ ಕಡೆಯೆಲ್ಲ ಚೆಂಡನ್ನು ಗ್ರೀನ್‌ನ ಸಮೀಪಕ್ಕೆ ಆದಷ್ಟು ಕಳಿಸುವುದು.

ಯಾವುದನ್ನು ಆರಿಸಿಕೊಂಡರೂ ನಮ್ಮ ಹೊಡೆತ ಎಷ್ಟು ಅಗಲಕ್ಕೆ ಚದುರುತ್ತದೆ ಎಂಬುದು ಮೊದಲೇ ತಿಳಿದಿರಬೇಕು. ತೊಗರಿ ಕೊಯ್ಲಾದ ಮೇಲೆ ಪರಿಚಯಸ್ಥರ ಖಾಲಿ ಹೊಲದಲ್ಲಿ ಚೆಂಡು ಬಿದ್ದಲ್ಲೆಲ್ಲ ಗೂಟ ನೆಟ್ಟು ಅಳೆದಾಗ, ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಿಂದ ನನ್ನ ಚೆಂಡು ಸುಮಾರು 230 ಗಜ ಹೋಗುತ್ತದೆಂದೂ, ಎಡದಿಂದ ಬಲಕ್ಕೆ ಸುಮಾರು 60 ಗಜ ಹರಡುತ್ತದೆಂದೂ ತಿಳಿಯಿತು. ಈ ಎರಡನೆಯ ಅಂಕಿಯೇ ಯೋಜನೆಯ ಬುನಾದಿ.

ನನ್ನೊಂದಿಗೆ ಆಡುವ ಬೀದರಿನ ಹಿರಿಯರೊಬ್ಬರು ಮೊದಲನೆಯ ಕ್ರಮವನ್ನು ಬಿಟ್ಟುಕೊಡುವುದಿಲ್ಲ. 500 ಗಜದ ಪಾರ್ 5 (ಐದು ಹೊಡೆತಗಳಲ್ಲಿ ಮುಗಿಸಬೇಕಾದ) ಹೋಲ್‌ನಲ್ಲಿ ಡ್ರೈವ್ ಆದ ಮೇಲೆ 270 ಗಜ ಉಳಿದರೆ, ಅವರು 170 ಗಜ ಹೊಡೆದು, ಹತ್ತಿರದ ಹೊಡೆತದ ಕ್ಲಬ್ಬಾದ ವೆಜ್‌ಗೆ ಸರಿಯಾಗಿ 100 ಗಜ ಇಟ್ಟುಕೊಳ್ಳುತ್ತಾರೆ. ಪೂರ್ಣ ಸ್ವಿಂಗ್‌ನ ಭರವಸೆ ಅರ್ಧ ಸ್ವಿಂಗ್‌ಗೆ ಇರುವುದಿಲ್ಲವೆಂಬುದು ಅವರ ವಾದ, ಮತ್ತು ಅದರಲ್ಲಿ ಹುರುಳಿದೆ. ಆದರೆ ಅದೇ ಜಾಗದಿಂದ 210 ಗಜ ಹೊಡೆದು 60 ಗಜ ಉಳಿಸಿಕೊಂಡ ಸುತ್ತುಗಳಲ್ಲಿ ನನ್ನ ಚೆಂಡು ಗ್ರೀನ್ ಮೇಲೆ ನಿಂತದ್ದು ಹೆಚ್ಚು, ನಿಂತಾಗ ಕುಳಿಗೆ ಹತ್ತಿರವಾಗಿಯೂ ಇತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅವರ ಲೆಕ್ಕಾಚಾರವೂ ಇದನ್ನೇ ಹೇಳುತ್ತದೆ: ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನ ಆಟಗಾರರು ಫೇರ್‌ವೇಯ (ಹುಲ್ಲು ಕತ್ತರಿಸಿದ ನಡುದಾರಿಯ) 100 ಗಜದಿಂದ ಹೋಲ್ ಮುಗಿಸಲು ಸರಾಸರಿ 2.80 ಹೊಡೆತ ತೆಗೆದುಕೊಂಡರೆ, 60 ಗಜದಿಂದ 2.70 ಸಾಕು. ಅರ್ಧ ಸ್ವಿಂಗ್‌ನ ಅಳುಕಿಗೆ ಮದ್ದು ಅದನ್ನು ಅಭ್ಯಾಸ ಮಾಡುವುದೇ ಹೊರತು ಅದರಿಂದ ದೂರ ನಿಲ್ಲುವುದಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹಾಗೆಂದು ಎಲ್ಲ ಕಡೆಯೂ ಡ್ರೈವರ್ ಎತ್ತಬೇಕೆಂದಲ್ಲ. 230 ಗಜದ ಆಸುಪಾಸಿನಲ್ಲಿ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಮೈದಾನದ ಗಡಿ ಇದ್ದು, ನಡುವಿನ ಜಾಗ 60 ಗಜಕ್ಕಿಂತ ಕಿರಿದಾಗಿದ್ದರೆ, ಅಲ್ಲಿ ಹಿರಿಯರ ಕ್ರಮವೇ ಸರಿ. ನೀರಿಗೆ ಬಿದ್ದರೆ ಒಂದು ಹೊಡೆತದ ದಂಡ ತೆತ್ತು ಮುಂದೆ ಸಾಗಬಹುದು; ಗಡಿ ದಾಟಿದರೆ ದಂಡದ ಜೊತೆಗೆ ಮೊದಲು ಹೊಡೆದ ಜಾಗಕ್ಕೇ ಮರಳಬೇಕಾದ್ದರಿಂದ ಕ್ರಮಿಸಿದ ದೂರವೂ ಹೋಗುತ್ತದೆ. ಆದ್ದರಿಂದ ಗಡಿ ಒಂದೇ ಬದಿಗಿದ್ದರೆ ನಾನು ಡ್ರೈವರನ್ನು ಬಿಡದೆ, ಗಡಿಯಿಂದ 30 ಗಜಕ್ಕೂ ಹೆಚ್ಚು ಒಳಗೆ ಗುರಿಯಿಡುತ್ತೇನೆ. ಚೆಂಡು ಆಚೆ ಬದಿಯ ರಫ್‌ಗೆ (ಎತ್ತರದ ಹುಲ್ಲಿಗೆ) ಹೋದರೂ ಚಿಂತೆಯಿಲ್ಲ.

ಋತುವಿನೊಂದಿಗೆ ಈ ಲೆಕ್ಕ ಬದಲಾಗುತ್ತದೆ. ಮೇ ತಿಂಗಳ ಬಿಸಿಲಿಗೆ ಗಟ್ಟಿಯಾದ ನೆಲದಲ್ಲಿ ಚೆಂಡು ಉರುಳುತ್ತ ಬಹುದೂರ ಹೋಗುವುದರಿಂದ, ಜುಲೈನಲ್ಲಿ ಕ್ಷೇಮವಾಗಿದ್ದ ಕ್ಲಬ್ಬೇ ಚೆಂಡನ್ನು ಬಂಕರ್‌ಗೆ (ಮರಳಿನ ಗುಂಡಿಗೆ) ತಲುಪಿಸಬಹುದು. ಮಳೆಗಾಲದ ಎದುರುಗಾಳಿ ಕಸಿದುಕೊಳ್ಳುವಷ್ಟು ದೂರವನ್ನು ಅಷ್ಟೇ ವೇಗದ ಬೆನ್ನುಗಾಳಿ ಮರಳಿಸುವುದಿಲ್ಲ. ಹೀಗಾಗಿ ಎದುರುಗಾಳಿಗೆ ಒಂದು ಕ್ಲಬ್ ಹೆಚ್ಚು, ಅಂದರೆ ಒಂದು ಹಂತ ದೂರ ಹೊಡೆಯುವ ಕ್ಲಬ್ ಹಿಡಿಯಬೇಕು ಎಂಬ ರೂಢಿ ಎಷ್ಟೋ ಸಲ ಸಾಲದು.

ಗ್ರೀನ್‌ಗೆ ಹೊಡೆಯುವಾಗ ಮಾತ್ರ ಎರಡೂ ಕ್ರಮಗಳು ಒಂದಾಗುತ್ತವೆ: ಬಾವುಟ ಅಂಚಿನಲ್ಲಿದ್ದರೂ ದೂರದ ಹೊಡೆತಕ್ಕೆ ಗ್ರೀನ್‌ನ ನಡುಭಾಗವೇ ಗುರಿ. ಲೇಸರ್ ದೂರಮಾಪಕ ಇಲ್ಲಿ ಅಷ್ಟು ನೆರವಾಗದು, ಏಕೆಂದರೆ ಅದು ಸಾಮಾನ್ಯವಾಗಿ ಬಾವುಟದ ದೂರವನ್ನು ತೋರಿಸುತ್ತದೆ. ಮುಂದಿನ ಬಂಕರ್ ದಾಟಲು ಎಷ್ಟು ಬೇಕು, ಗ್ರೀನ್‌ನ ಹಿಂದಿನ ಅಂಚು ಎಲ್ಲಿದೆ ಎಂಬುದನ್ನು ನಾನು ನಕ್ಷೆಯಲ್ಲೇ ಅಳೆದು ಬರೆದುಕೊಳ್ಳುತ್ತೇನೆ.