ಹನ್ನೊಂದು ನಿಮಿಷದ ಆಟಕ್ಕೆ ಗೋವಾಕ್ಕೆ ಹೋಗಿ ಬಂದೆವು

ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಕನ್ನಡ ಗುಂಪಿನಲ್ಲಿ ಮೊನ್ನೆ ಇಬ್ಬರು ತಾಯಂದಿರು ಒಂದೇ ಪ್ರಶ್ನೆ ಕೇಳಿದರು. ಡಿಸೆಂಬರ್ ರಜೆಯಲ್ಲಿ ಗೋವಾದಲ್ಲಿ ಮಕ್ಕಳ ಫುಟ್‌ಬಾಲ್ ಟೂರ್ನಮೆಂಟ್ ಇದೆಯಂತೆ, ನೀವು ಮೇ ತಿಂಗಳಲ್ಲಿ ಹೋಗಿ ಬಂದಿರಲ್ಲ, ಹೇಗಿತ್ತು ಅಂತ. ಎರಡು ಸಾಲಿನಲ್ಲಿ ಹೇಳಿ ಮುಗಿಸುವ ಕಥೆ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ದುಡ್ಡು ಕಟ್ಟುವ ಮುಂಚೆ ಓದಿ.

ನಡೆಸಿದವರ ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ ‘ಓ, ಅವರೊಬ್ಬರು ಬೇಡ’ ಅಂದುಕೊಂಡು ಅಂಥದೇ ಇನ್ನೊಬ್ಬರಿಗೆ ದುಡ್ಡು ಕಟ್ಟಿ ಬರುತ್ತೀರಿ.

ಮಗನಿಗೆ ಹತ್ತು ವರ್ಷ. ಎರಡು ವರ್ಷದಿಂದ ಕೋಚಿಂಗಿಗೆ ಹೋಗುತ್ತಾನೆ. ಮಾರ್ಚ್‌ನಲ್ಲಿ ಕೋಚ್ ಒಂದು ಪೋಸ್ಟರ್ ಕಳಿಸಿದರು. ಗೋವಾದಲ್ಲಿ ಮೂರು ದಿನ, ಶುಕ್ರವಾರದಿಂದ ಭಾನುವಾರ. ಹನ್ನೊಂದರೊಳಗಿನ ಮಕ್ಕಳು, ಒಂದೊಂದು ತಂಡಕ್ಕೆ ಕನಿಷ್ಠ ನಾಲ್ಕು ಪಂದ್ಯ, ‘ಇಡೀ ಕುಟುಂಬಕ್ಕೆ ಹಬ್ಬ’. ಪಕ್ಕದಲ್ಲೇ ಸಮುದ್ರದ ಚಿತ್ರ. ನೋಡಿದ ಕೂಡಲೇ ನಾವು ಸೋತೆವು. ನಮ್ಮ ಅತ್ತೆ ಕುಮಟಾ ಕಡೆಯವರು. ಗೋವಾದ ಮಂಗೇಶಿ ದೇವಸ್ಥಾನ ನೋಡಿ ಎಷ್ಟು ವರ್ಷ ಆಯ್ತೋ, ನಾನೂ ಬರುತ್ತೇನೆ ಅಂದರು.

ಮಗನ ಪಾಲಿನ ಎಂಟ್ರಿ ಫೀಸು ಬರೀ 1,500 ರೂಪಾಯಿ. ಆಮೇಲೆ ಬಂತು ಇನ್ನೊಂದು ಮೆಸೇಜ್. ಅವರು ಹೇಳಿದ ಹೋಟೆಲಿನಲ್ಲೇ ಉಳಿಯಬೇಕು, ತಲೆಗೆ 6,500. ಬೇರೆ ಕಡೆ ಉಳಿದರೆ ಆ ಹುಡುಗನನ್ನು ತಂಡದಲ್ಲಿ ಸೇರಿಸಿಕೊಳ್ಳಲ್ಲ. ಆಡುವವನು ಒಬ್ಬ, ಕಟ್ಟುವುದು ನಾಲ್ಕು ಜನಕ್ಕೆ. ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಅಮೆರಿಕದಲ್ಲಿ ಈ ಪದ್ಧತಿಗೆ ‘ಸ್ಟೇ ಟು ಪ್ಲೇ’ ಅಂತ ಹೆಸರೇ ಇದೆ, ಅಲ್ಲಿನ ತಂದೆತಾಯಂದಿರೂ ಬೈಯುತ್ತಾರೆ. ರೂಮಿನಲ್ಲಿ ಲಾಭ ಇದ್ದಾಗ ಮೈದಾನದ ಚಿಂತೆ ಯಾರಿಗೆ ಬೇಕು?

ರೈಲ್ವೆಯವರು 60 ದಿನ ಮುಂಚೆ ಬುಕಿಂಗ್ ತೆರೆಯುತ್ತಾರೆ. ಮೇ ತಿಂಗಳಲ್ಲಿ ಕೊಂಕಣ ಕನ್ಯಾ ರೈಲಿನ ಟಿಕೆಟ್ ನಿಮಿಷದಲ್ಲಿ ಖಾಲಿ ಅಂತ ಮುಂಬೈಯವರಿಗೆ ಹೇಳಬೇಕಾಗಿಲ್ಲ. ಅದನ್ನು ಹೇಗೋ ಹಿಡಿದೆವು. ಆದರೆ ಯಾವ ಪಂದ್ಯ ಎಷ್ಟು ಗಂಟೆಗೆ ಅನ್ನೋದು ಮಾತ್ರ ಹೊರಡುವ ದಿನದವರೆಗೂ ಬರಲಿಲ್ಲ. ಕೇಳಿದರೆ ‘ಫೈನಲ್ ಆಗ್ತಾ ಇದೆ’. ಗುರುವಾರ ರಾತ್ರಿ ಥಾಣೆಯಲ್ಲಿ ರೈಲು ಹತ್ತಿ, ಬೆಳಿಗ್ಗೆ ಗೋವಾದ ಥಿವಿಮ್‌ನಲ್ಲಿ ಇಳಿದೆವು. ಅವತ್ತು ಶುಕ್ರವಾರ, ಪಕ್ಕದ ಮಾಪ್ಸಾದ ಸಂತೆ ದಿನ. ಅತ್ತೆಗೆ ಸಂತೆ ನೋಡುವ ಆಸೆ. ಆದರೆ ‘ಯಾವಾಗ ಬೇಕಾದರೂ ಕರೆಯಬಹುದು, ಹೋಟೆಲ್ ಬಿಟ್ಟು ಹೋಗಬೇಡಿ’ ಅಂತ ಮೆಸೇಜ್. ಇಡೀ ದಿನ ರೂಮಿನಲ್ಲಿ ಕೂತೆವು. ರಾತ್ರಿ 11:40ಕ್ಕೆ ವೇಳಾಪಟ್ಟಿ ಬಂತು. ಮೊದಲ ಪಂದ್ಯ ಬೆಳಿಗ್ಗೆ ಏಳಕ್ಕೆ.

ಏಳಕ್ಕೆ ಅಂದದ್ದು ಶುರುವಾದದ್ದು ಹನ್ನೊಂದೂವರೆಗೆ.

ಮೇ ತಿಂಗಳ ಹನ್ನೊಂದೂವರೆ. ಗೋವಾದ ಸೆಕೆ. ಅದೂ ಪ್ಲಾಸ್ಟಿಕ್ ಹುಲ್ಲಿನ ಮೈದಾನ. ನಿಜವಾದ ಹುಲ್ಲು ಇಷ್ಟು ಕಾಯುವುದಿಲ್ಲ. ಈ ಟರ್ಫ್ ಮತ್ತು ಅದರೊಳಗೆ ಸುರಿಯುವ ಕಪ್ಪು ರಬ್ಬರ್ ಕಾಳು ಬಿಸಿಲಿಗೆ ಕಾವಲಿ ಆಗುತ್ತದೆ. ಮಕ್ಕಳು ಒಂದು ಕಾಲೆತ್ತಿ ಇನ್ನೊಂದು ಕಾಲಿನ ಮೇಲೆ ನಿಲ್ಲುತ್ತಿದ್ದರು, ಕೊಕ್ಕರೆಗಳ ಹಾಗೆ. ಮಧ್ಯೆ ನೀರು ಕುಡಿಯಲು ಆಟ ನಿಲ್ಲಿಸಿ ಅಂತ ರೆಫರಿಗೆ ನಮ್ಮವರೇ ಹೋಗಿ ಹೇಳಬೇಕಾಯಿತು. ಆ ರೆಫರಿ ಹುಡುಗನಿಗೆ ಹದಿನೆಂಟು ತುಂಬಿತ್ತೋ ಇಲ್ಲವೋ. ಬೆಳಿಗ್ಗೆಯಿಂದ ಒಬ್ಬನೇ ಸೀಟಿ ಊದುತ್ತಿದ್ದ, ಪಾಪ. ದೊಡ್ಡವರ ವಿಶ್ವಕಪ್ಪಿನಲ್ಲೇ 2014ರಿಂದ ಸೆಕೆ ಹೆಚ್ಚಾದರೆ ಆಟ ನಿಲ್ಲಿಸಿ ನೀರು ಕೊಡುತ್ತಾರೆ. ಹತ್ತು ವರ್ಷದ ಮಕ್ಕಳಿಗೆ ಕೇಳಿ ಪಡೆಯಬೇಕೇ?

ನೋಡುವವರಿಗೆ ನೆರಳು ಅಂತ ಒಂದು ಶಾಮಿಯಾನ ಇತ್ತು. ಅದರೊಳಗೆ ಪ್ರಾಯೋಜಕರ ಕುರ್ಚಿ. ನಮಗೆ ಕಾಂಪೌಂಡ್ ಗೋಡೆ. ಸಾಲದ್ದಕ್ಕೆ ದಿನಕ್ಕೆ ತಲೆಗೆ 200 ರೂಪಾಯಿ ಪ್ರವೇಶ ಬೇರೆ. ಹೆಂಗಸರಿಗೆ ಇದ್ದದ್ದು ಒಂದೇ ಟಾಯ್ಲೆಟ್, ಚಿಲಕ ಇಲ್ಲ, ನೀರಿಲ್ಲ. ಅತ್ತೆಗೆ ಎಪ್ಪತ್ತೊಂದು. ಏನು ಮಾಡೋದು ಅಂತ ನಾವಿಬ್ಬರೂ ಮಾತಾಡಿಕೊಳ್ಳುತ್ತಿದ್ದಾಗ ಗೇಟಿನ ಹೊರಗೆ ನಿಂಬೆ ಸೋಡಾ ಮಾರುತ್ತಿದ್ದ ಹೆಂಗಸು ತಿರುಗಿ ನೋಡಿದಳು.

‘ಕನ್ನಡದವ್ರೇನ್ರೀ? ಯಾವೂರ್ರೀ ನಿಮ್ದು?’

ಬಾಗಲಕೋಟೆ ಕಡೆಯವಳು. ಗಂಡ ಗಾರೆ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರು. ‘ಇಲ್ಲಿ ಹೆಣ್ಮಕ್ಕಳಿಗೆ ಏನೂ ವ್ಯವಸ್ಥಾ ಇಲ್ರೀ ಅಮ್ಮಾರ, ನಮ್ಮ ಖೋಲಿಗೆ ಬರ್ರಿ’ ಅಂತ ಗಾಡಿಯನ್ನು ಮಗಳ ಕೈಗೆ ಕೊಟ್ಟು ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋದಳು. ಮಧ್ಯಾಹ್ನದ ತನಕ ಅತ್ತೆ ಅಲ್ಲೇ ಫ್ಯಾನಿನ ಕೆಳಗೆ ಮಲಗಿದರು. ಮೂರು ದಿನದಲ್ಲಿ ಯಾರಾದರೂ ನಮ್ಮನ್ನು ಕುಟುಂಬ ಅಂತ ನೋಡಿದ್ದಿದ್ದರೆ ಅವಳೊಬ್ಬಳೇ. ಸೋಡಾದ ದುಡ್ಡು ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಮೊದಲ ಪಂದ್ಯ 5–0 ಸೋಲು. ಸೋತದ್ದಕ್ಕೆ ಹೊಟ್ಟೆಕಿಚ್ಚು ಅಂದುಕೊಳ್ಳಬೇಡಿ. ಎದುರಿನ ತಂಡದಲ್ಲಿ ಮೂವರು ನನ್ನ ಭುಜಕ್ಕೆ ಬರುವಷ್ಟು ಎತ್ತರ, ಒಬ್ಬನಿಗೆ ಚಿಗುರು ಮೀಸೆ. ಕೆಲವು ಮಕ್ಕಳು ಬೇಗ ಬೆಳೆಯುತ್ತಾರೆ, ಗೊತ್ತು. ಅದಕ್ಕೇ ದಾಖಲೆ ನೋಡಿದ್ದೀರಾ ಅಂತಷ್ಟೇ ಕೇಳಿದೆವು. ‘ಆಧಾರ್ ಇದೆಯಲ್ಲ ಮೇಡಂ’ ಅಂದರು. ಆಧಾರ್ ಗುರುತಿಗೆ ಸರಿ, ಹುಟ್ಟಿದ ದಿನಕ್ಕೆ ಅದು ಪುರಾವೆ ಅಲ್ಲ. ಭವಿಷ್ಯ ನಿಧಿಯವರೇ (ಪಿಎಫ್) 2024ರಲ್ಲಿ ಅದನ್ನು ಹುಟ್ಟಿದ ದಿನದ ಪುರಾವೆಗಳ ಪಟ್ಟಿಯಿಂದ ತೆಗೆದರು. ನೋಡಬೇಕಾದ್ದು ಜನನ ಪ್ರಮಾಣಪತ್ರ. ಅದರಲ್ಲೂ ಹುಟ್ಟಿದ ತಾರೀಖಿನ ಜೊತೆಗೆ ನೋಂದಣಿ ಆದ ತಾರೀಖು. ಮಗು ಹುಟ್ಟಿ ಏಳೆಂಟು ವರ್ಷದ ಮೇಲೆ ನೋಂದಣಿ ಆಗಿದ್ದರೆ ಒಂದು ಪ್ರಶ್ನೆ ಕೇಳಲೇಬೇಕು. ವಯಸ್ಸಿನ ಮೋಸ ಈ ಆಟಕ್ಕೆ ಹೊಸದೇನಲ್ಲ. ಫಿಫಾದವರು 17ರೊಳಗಿನ ವಿಶ್ವಕಪ್ಪಿಗೆ 2009ರಿಂದ ವಯಸ್ಸು ಪರೀಕ್ಷಿಸಲು ಮಣಿಕಟ್ಟಿನ ಎಂಆರ್‌ಐ ತೆಗೆಸುತ್ತಿದ್ದಾರೆ. ಇಲ್ಲಿ ಯಾರೂ ಅಷ್ಟು ಕೇಳುತ್ತಿಲ್ಲ. ಒಂದು ಕಾಗದ ತಿರುಗಿಸಿ ನೋಡಿ ಅಂತ ಅಷ್ಟೇ.

ಪೋಸ್ಟರಿನಲ್ಲಿ ಪಂದ್ಯದ ಒಂದೊಂದು ಅರ್ಧಕ್ಕೆ ಇಪ್ಪತ್ತು ನಿಮಿಷ ಅಂತಿತ್ತು. ತಡ ಆಗಿದ್ದರಿಂದ ಹತ್ತು ಮಾಡಿದರು. ಹದಿನಾಲ್ಕು ಮಕ್ಕಳ ತಂಡ, ಒಂಬತ್ತು ಜನ ಆಡೋದು. ನಮ್ಮವನಿಗೆ ಸಿಕ್ಕಿದ್ದು ಏಳು ನಿಮಿಷ. ಕೋಚ್ ಮೇಲೆ ನನಗೆ ಸಿಟ್ಟಿಲ್ಲ, ಇಪ್ಪತ್ತು ನಿಮಿಷವನ್ನು ಹದಿನಾಲ್ಕು ಜನಕ್ಕೆ ಅವರು ಇನ್ನು ಹೇಗೆ ಹಂಚಬೇಕು?

ಎರಡನೇ ಪಂದ್ಯ ಮೂರು ಗಂಟೆಗೆ. ಈಗ ಹೇಳುವುದನ್ನು ಸ್ವಲ್ಪ ಗಮನ ಇಟ್ಟು ಓದಿ. ಚೆಂಡು ಮೇಲೆ ಬಂತು, ನಮ್ಮ ಡಿಫೆಂಡರ್ ಹುಡುಗ ಮತ್ತು ಎದುರಿನವನು ಇಬ್ಬರೂ ಹಾರಿದರು, ತಲೆಗೆ ತಲೆ ಬಡಿಯಿತು. ಆ ಸದ್ದು ಗೋಡೆಯ ಹತ್ತಿರ ಕೂತ ನಮಗೆ ಕೇಳಿಸಿತು. ನಮ್ಮ ಹುಡುಗ ಬಿದ್ದ. ಡಾಕ್ಟರ್ ಇದ್ದಾರಾ ಅಂದರೆ ಇಲ್ಲ. ಫಸ್ಟ್ ಏಡ್ ಅಂತ ಬಂದ ಡಬ್ಬಿಯಲ್ಲಿ ನೋವಿನ ಸ್ಪ್ರೇ, ಒಂದು ಕ್ರೇಪ್ ಬ್ಯಾಂಡೇಜು, ಯಾರೋ ಬಿಟ್ಟುಹೋದ ಗಾಗಲ್. ತಲೆಗೆ ನೀರು ಹೊಯ್ದು, ಬೆನ್ನು ತಟ್ಟಿ, ಮತ್ತೆ ಆಡಲು ಕಳಿಸಿದರು. ಎರಡು ನಿಮಿಷದಲ್ಲಿ ಅವನೇ ಕುಸಿದು ಕೂತ. ಅವನ ಬದಲಿಗೆ ಕೊನೆಯ ನಾಲ್ಕು ನಿಮಿಷ ನಮ್ಮವನು ಇಳಿದ. ಏಳು ಮತ್ತು ನಾಲ್ಕು, ಹನ್ನೊಂದು.

ಪಂದ್ಯ ಮುಗಿಯುವ ಹೊತ್ತಿಗೆ ಆ ಹುಡುಗ ವಾಂತಿ ಮಾಡಿದ. ಆಂಬುಲೆನ್ಸ್ ಮೈದಾನದಲ್ಲಿ ಇರಲಿಲ್ಲ. 108ಕ್ಕೆ ಫೋನ್ ಮಾಡಿದ್ದು ಅವನ ಅಪ್ಪ. ಸರ್ಕಾರಿ ಆಸ್ಪತ್ರೆಯಲ್ಲಿ ರಾತ್ರಿ ಇಟ್ಟುಕೊಂಡು ನೋಡಿ, ಬೆಳಿಗ್ಗೆ ಬಿಟ್ಟರು. ಈಗ ಚೆನ್ನಾಗಿದ್ದಾನೆ. ಆದರೆ ತಲೆಗೆ ಪೆಟ್ಟು ಬಿದ್ದು ಅನುಮಾನ ಇದ್ದರೆ ಆ ದಿನ ಮಗುವನ್ನು ಮತ್ತೆ ಆಡಿಸಲೇಬಾರದು. ಆಡುತ್ತೇನೆ ಅಂತ ಮಗುವೇ ಹಟ ಮಾಡಿದರೂ ಬೇಡ, ಕೋಚ್ ಹೇಳಿದರೂ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆಯವರು 2015ರಲ್ಲೇ ಹತ್ತು ವರ್ಷ ಮತ್ತು ಅದರ ಕೆಳಗಿನ ಮಕ್ಕಳಿಗೆ ತಲೆಯಿಂದ ಚೆಂಡು ಹೊಡೆಯುವುದನ್ನೇ ನಿಲ್ಲಿಸಿದರು.

ಆಮೇಲೆ ಚೆಂಡು ನೋಡಿದೆ. ವಾಲ್ವಿನ ಹತ್ತಿರ ಸಣ್ಣ ಅಕ್ಷರದಲ್ಲಿ ‘5’ ಅಂತಿತ್ತು. ಅದು ದೊಡ್ಡವರ ಚೆಂಡು, ನಾನೂರು ಗ್ರಾಂ ಮೇಲೆ ತೂಕ. ಈ ವಯಸ್ಸಿಗೆ 4ನೇ ನಂಬರಿನದು ಬೇಕು. ಗೋಲ್ ಪೋಸ್ಟ್ ಇನ್ನೂ ಚೆಂದ. ಎತ್ತಿ ಇಡುವ ಅಲ್ಯೂಮಿನಿಯಂ ಪೋಸ್ಟು, ಹಿಂದಿನ ಕಂಬಿಯ ಮೇಲೆ ಎರಡು ಸಿಮೆಂಟ್ ಇಟ್ಟಿಗೆ. ಪಂದ್ಯದ ನಡುವೆ ಚಿಕ್ಕ ಮಕ್ಕಳು ಅಡ್ಡಪಟ್ಟಿಗೆ ಜೋತು ಬಿದ್ದು ತೂಗಾಡುತ್ತಿದ್ದರು. ಇಂಥ ಪೋಸ್ಟು ಮಗುಚಿ ಮಕ್ಕಳು ಸತ್ತದ್ದು ಬೇರೆ ಬೇರೆ ದೇಶಗಳಲ್ಲಿ ಇದೆ. ಗೋಲನ್ನು ನೆಲಕ್ಕೆ ಭದ್ರವಾಗಿ ಬಿಗಿದಿರಬೇಕು ಅನ್ನೋದು ಆಟದ ನಿಯಮಗಳಲ್ಲಿ ಮೊದಲನೆಯದರಲ್ಲೇ ಇದೆ. ಮೈದಾನಕ್ಕೆ ಹೋದ ಕೂಡಲೇ ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ. ನನಗೆ ಆ ಬುದ್ಧಿ ಬಂದದ್ದು ಎರಡನೇ ಪಂದ್ಯದ ಮೇಲೆ.

ಎರಡೂ ಸೋತೆವು, ಹೊರಗೆ. ಉಳಿದೆರಡು ಪಂದ್ಯ ಎಲ್ಲಿ ಅಂತ ಕೇಳಿದರೆ ಬಂದ ಉತ್ತರ ಇದು: ನಿಮ್ಮ ಗುಂಪಿನ ಒಂದು ತಂಡ ಬರಲಿಲ್ಲ, ನಿಮಗೆ ವಾಕೋವರ್ ಸಿಕ್ಕಿತು, ಅದು ಮೂರನೇ ಪಂದ್ಯ. ನಾಳೆ ಸೋತ ತಂಡಗಳಿಗೆ ಪೆನಾಲ್ಟಿ ಸ್ಪರ್ಧೆ ಇದೆ, ಅದು ನಾಲ್ಕನೆಯದು. ನಗಬೇಕೋ ಅಳಬೇಕೋ ಹೇಳಿ. ಅದಕ್ಕೇ, ‘ಕನಿಷ್ಠ ನಾಲ್ಕು ಪಂದ್ಯ’ ಅಂದರೆ ನಾಲ್ಕು ಬೇರೆ ತಂಡಗಳ ಎದುರು, ಪೂರ್ತಿ ಹೊತ್ತು ಆಡುವ ಪಂದ್ಯವೇ ಅಂತ ಬರೆದು ಕೊಡಲು ಹೇಳಿ. ಈ ವಯಸ್ಸಿಗೆ ನಾಕೌಟ್ ಯಾಕೆ ಅಂತಲೂ ಕೇಳಿ. ಸೋತವರೂ ಸೋತವರ ಜೊತೆ ಭಾನುವಾರ ಆಡುವ ಹಾಗೆ ಪಟ್ಟಿ ಮಾಡುವುದು ಕಷ್ಟವೇನಲ್ಲ. ಡೊಂಬಿವಲಿಯ ಶಾಲಾ ಮೈದಾನದಲ್ಲಿ 600 ರೂಪಾಯಿಗೆ ಅದನ್ನೇ ಮಾಡುತ್ತಾರೆ, ಹತ್ತು ಗಂಟೆಗೆಲ್ಲ ಮುಗಿಸಿ ಇಡ್ಲಿ ತಿಂದು ಮನೆಗೆ ಬರುತ್ತೇವೆ.

ಇದರಲ್ಲಿ ಗೋವಾದ ತಪ್ಪೇನೂ ಇಲ್ಲ, ಅದನ್ನೂ ಹೇಳಬೇಕು. ಶನಿವಾರ ಸಂಜೆ ಟ್ಯಾಕ್ಸಿಯಲ್ಲಿ ಬರುವಾಗ ದಾರಿ ಬದಿಯ ಕೊಯ್ಲಾದ ಗದ್ದೆಯಲ್ಲಿ ಊರ ಹುಡುಗರು ಬರಿಗಾಲಲ್ಲಿ ಆಡುತ್ತಿದ್ದರು. ಬಿದಿರಿನ ಗೋಲು. ಬದುವಿನ ಮೇಲೆ ಅಜ್ಜ, ಅಜ್ಜಿ, ಕಂಕುಳಲ್ಲಿ ಕೂಸು, ನಾಯಿ, ಎಲ್ಲರೂ. ಐದು ಗಂಟೆಯ ಗಾಳಿ. ಮಗ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಗಾಡಿ ನಿಲ್ಲಿಸಿದೆವು. ಅವರು ಒಂದು ಮಾತೂ ಕೇಳದೆ ಸೇರಿಸಿಕೊಂಡರು. ಕತ್ತಲಾಗುವ ತನಕ ಆಡಿದ. ಅತ್ತೆ ಬದುವಿನ ಮೇಲೆ ಕೂತು ಕೊಂಕಣಿಯಲ್ಲಿ ಯಾರದೋ ಮದುವೆ ವಿಷಯ ಮಾತಾಡುತ್ತಿದ್ದರು.

ಭಾನುವಾರ ಪೆನಾಲ್ಟಿ ಸ್ಪರ್ಧೆಗೆ ನಮಸ್ಕಾರ ಹೇಳಿ ಮಂಗೇಶಿಗೆ ಹೋಗಿ, ಅಲ್ಲಿಂದ ಮಡಗಾಂವ್‌ಗೆ ಹೋಗಿ ರೈಲು ಹತ್ತಿದೆವು. ನಮ್ಮವರು ರೈಲಿನಲ್ಲಿ ಲೆಕ್ಕ ಹಾಕಿದರು. ಎಲ್ಲ ಸೇರಿ 38,500 ರೂಪಾಯಿ. ನಿಮಿಷಕ್ಕೆ ಮೂರೂವರೆ ಸಾವಿರ. ಮನೆಗೆ ಬಂದು ಶೂ ಕೊಡವಿದರೆ ಬಾತ್‌ರೂಮಿನಲ್ಲಿ ಒಂದು ಹಿಡಿ ಕಪ್ಪು ರಬ್ಬರ್ ಕಾಳು.

ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂತ ಮೂರು ಮೇಲ್ ಹಾಕಿದೆ. ಉತ್ತರ ಇಲ್ಲ. ಹೋದ ವಾರ ಡಿಸೆಂಬರಿನ ಪೋಸ್ಟರ್ ಬಂತು. ನಿಮಗೂ ಬಂದಿರಬಹುದು. ಅದರಲ್ಲಿ ಸಮುದ್ರದ ಮುಂದೆ ನಗುತ್ತಾ ನಿಂತ ಮಕ್ಕಳ ಫೋಟೋ ಇದೆಯಲ್ಲ, ಅದು ನಮ್ಮ ತಂಡ. ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯವನು ನನ್ನ ಮಗ, ಅವನ ಪಕ್ಕದಲ್ಲಿರುವವನು ತಲೆಗೆ ಪೆಟ್ಟು ಬಿದ್ದ ಹುಡುಗ. ಫೋಟೋ ಹಾಕಲಾ ಅಂತ ನಮ್ಮನ್ನು ಯಾರೂ ಕೇಳಿಲ್ಲ. ತೆಗೆಯಿರಿ ಅಂತ ನಾಲ್ಕನೇ ಮೇಲ್ ನಿನ್ನೆ ಹಾಕಿದ್ದೇನೆ.