ಅಕ್ಕನ ಐಪಾಡ್ ಬಿಚ್ಚಿ ಕಾರ್ಡ್ ಹಾಕಿದೆ: ಎಂಟು ತಿಂಗಳು ಬಳಸಿದ ಮೇಲೆ

ಇದು ಅಕ್ಕ ವರ್ಷಗಟ್ಟಲೆ ಹಾಡು ಕೇಳಿದ ಐಪಾಡ್. 2005ರಲ್ಲಿ ಬಂದ ಐದನೇ ತಲೆಮಾರಿನ ಮಾಡೆಲ್, 30 ಜಿಬಿ, ಬಿಳಿ ಬಣ್ಣ. ವಿಡಿಯೊ ತೋರಿಸಿದ ಮೊದಲ ಐಪಾಡ್ ಇದೇ. ನನ್ನ ಕೈಗೆ ಬರುವ ಹೊತ್ತಿಗೆ ಒಳಗಿನಿಂದ ಟಕ್, ಟಕ್ ಎನ್ನುವ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಪರದೆ ಮೇಲೆ ಒಂದು ಫೋಲ್ಡರ್, ಅದರ ಪಕ್ಕ ಆಶ್ಚರ್ಯಸೂಚಕ ಚಿಹ್ನೆ. ಡಿಸ್ಕ್ ಓದಲು ಆಗುತ್ತಿಲ್ಲ ಎಂದು ಅರ್ಥ. ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುತ್ತಿರಲಿಲ್ಲ.

ಬಿಸಾಡಲು ಮನಸ್ಸು ಬರಲಿಲ್ಲ. ಆ ಚಕ್ರದ ಮೇಲೆ ಹೆಬ್ಬೆರಳು ಸುತ್ತಿಸಿ ಹಾಡು ಹುಡುಕುವ ಸುಖ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಹಾಗಾಗಿ ಬಿಚ್ಚಿದೆ. ಹಾರ್ಡ್ ಡಿಸ್ಕ್ ತೆಗೆದು ಐಫ್ಲಾಶ್ ಸೋಲೋ ಅಡಾಪ್ಟರ್ ಹಾಕಿ, 128 ಜಿಬಿ ಎಸ್‌ಡಿ ಕಾರ್ಡ್ ಕೂರಿಸಿದೆ. ಹೊಸ ಬ್ಯಾಟರಿ ಹಾಕಿದೆ. ಮೂಲ ಸಾಫ್ಟ್‌ವೇರ್ ಜೊತೆಗೆ ರಾಕ್‌ಬಾಕ್ಸ್ ಎನ್ನುವ ಉಚಿತ ಸಾಫ್ಟ್‌ವೇರ್ ಏರಿಸಿದೆ. ಈಗ ಎಂಟು ತಿಂಗಳಾಯಿತು, ದಿನಾ ಕೇಳುತ್ತಿದ್ದೇನೆ. ಈ ಕೆಲಸಕ್ಕೆ ಇಳಿಯುವ ಮುಂಚೆ ನನಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಯಾವ ಐಪಾಡ್ ಬಿಚ್ಚಬೇಕು ಎನ್ನುವ ಮಾತು. ಮೊದಲ ಸಲ ಮಾಡುವವರಿಗೆ ನಾನು ಐದನೇ ತಲೆಮಾರಿನದ್ದನ್ನೇ ಹೇಳುತ್ತೇನೆ. ಇದರ ಮುಂಭಾಗ ಪ್ಲಾಸ್ಟಿಕ್, ಹಿಂಭಾಗ ಹೊಳಪಿನ ಸ್ಟೀಲ್. ಪ್ಲಾಸ್ಟಿಕ್ ಸ್ವಲ್ಪ ಬಾಗುತ್ತದೆ, ಸಂದಿಯಲ್ಲಿ ಉಪಕರಣ ತೂರಿಸಲು ಜಾಗ ಕೊಡುತ್ತದೆ. 2007ರಿಂದ ಬಂದ ಕ್ಲಾಸಿಕ್‌ನಲ್ಲಿ ಮುಂಭಾಗವೂ ಲೋಹ. ಅದನ್ನು ತೆರೆಯುವಾಗ ಅಂಚು ಒಮ್ಮೆ ಬಾಗಿದರೆ ಮತ್ತೆ ನೇರ ಮಾಡುವುದು ಕಷ್ಟ. ಜೊತೆಗೆ 2007 ಮತ್ತು 2008ರ ಕ್ಲಾಸಿಕ್‌ಗಳು ಕಾರ್ಡ್ ಹಾಕಿದಾಗ ಮೂಲ ಸಾಫ್ಟ್‌ವೇರ್‌ನಲ್ಲಿ ಸುಮಾರು 128 ಜಿಬಿಗಿಂತ ಆಚೆ ನೋಡುವುದಿಲ್ಲ. ಐದನೆಯದಕ್ಕೆ ಆ ಕಟ್ಟು ಇಲ್ಲ. ಒಳಗೆ ವೂಲ್ಫ್‌ಸನ್ ಕಂಪನಿಯ ಡಬ್ಲ್ಯುಎಂ8758 ಆಡಿಯೊ ಚಿಪ್ ಇದೆ. ಅದಕ್ಕೆ ಇಂದಿಗೂ ಅಭಿಮಾನಿಗಳಿದ್ದಾರೆ, ನಾನೂ ಅವರಲ್ಲಿ ಒಬ್ಬ.

ಒಂದು ವಿಷಯ ಮಾತ್ರ ನೋಡಿಕೊಳ್ಳಿ. 30 ಜಿಬಿ ಮಾಡೆಲ್‌ನಲ್ಲಿ ಇರುವುದು 32 ಎಂಬಿ ಮೆಮೊರಿ. 60 ಮತ್ತು 80 ಜಿಬಿಯವುಗಳಲ್ಲಿ 64 ಎಂಬಿ. ಸಾವಿರಾರು ಹಾಡು ತುಂಬುವ ಆಸೆ ಇದ್ದು, ಮೂಲ ಸಾಫ್ಟ್‌ವೇರ್‌ನಲ್ಲೇ ಇರುತ್ತೀರಿ ಎಂದಾದರೆ 64 ಎಂಬಿಯದ್ದು ಒಳ್ಳೆಯದು. ನನ್ನ ಹತ್ತಿರ ಇದ್ದದ್ದು 30. ಅದನ್ನೇ ಉಳಿಸಬೇಕಿತ್ತು.

ತೆರೆಯುವ ಕೆಲಸಕ್ಕೆ ಬರೋಣ. ಇದರಲ್ಲಿ ಹೊರಗೆ ಕಾಣುವ ಒಂದು ಸ್ಕ್ರೂ ಕೂಡ ಇಲ್ಲ. ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿರುವುದು ಅಂಚಿನ ಉದ್ದಕ್ಕೂ ಇರುವ ಸಣ್ಣ ಸಣ್ಣ ಕೊಂಡಿಗಳು. ಗಿಟಾರ್ ಪಿಕ್‌ನಂಥ ತೆಳು ಪ್ಲಾಸ್ಟಿಕ್ ಚೂರನ್ನು ಸಂದಿಗೆ ಒತ್ತಬೇಕು. ಒಂದು ಕೊಂಡಿ ಬಿಟ್ಟರೆ ಕಟ್ ಎಂದು ಸದ್ದಾಗುತ್ತದೆ. ಅದನ್ನು ಅಲ್ಲೇ ಬಿಟ್ಟು ಎರಡನೇ ಪಿಕ್ ತೂರಿಸಿ ಮುಂದೆ ಹೋಗಬೇಕು. ಮೊದಲನೆಯದನ್ನು ತೆಗೆದರೆ ಕೊಂಡಿ ಮತ್ತೆ ಕಚ್ಚಿಕೊಳ್ಳುತ್ತದೆ. ನನಗೆ ನಲವತ್ತು ನಿಮಿಷ ಹಿಡಿಯಿತು. ಬೆರಳ ತುದಿ ಕೆಂಪಾಗಿತ್ತು. ಸ್ಕ್ರೂ ಡ್ರೈವರ್ ಹಾಕಿ ಮೀಟಿದ್ದರೆ ಐದೇ ನಿಮಿಷದಲ್ಲಿ ಆಗುತ್ತಿತ್ತೇನೋ, ಆದರೆ ಅಂಚಿನಲ್ಲಿ ಹಲ್ಲಿನ ಗುರುತು ಬೀಳುತ್ತಿತ್ತು.

ಕೊಂಡಿಗಳೆಲ್ಲ ಬಿಟ್ಟ ಕೂಡಲೇ ಎರಡು ಭಾಗವನ್ನು ಎಳೆಯಬೇಡಿ. ದಯವಿಟ್ಟು ಎಳೆಯಬೇಡಿ. ಒಳಗೆ ಎರಡು ಭಾಗವನ್ನು ಜೋಡಿಸಿರುವ ಕಿತ್ತಳೆ ಬಣ್ಣದ ಎರಡು ರಿಬ್ಬನ್ ಕೇಬಲ್ ಇವೆ. ಒಂದು ಬ್ಯಾಟರಿಯದು, ಇನ್ನೊಂದು ಇಯರ್‌ಫೋನ್ ಜ್ಯಾಕ್ ಮತ್ತು ಗುಂಡಿಗಳನ್ನು ಲಾಕ್ ಮಾಡುವ ಹೋಲ್ಡ್ ಸ್ವಿಚ್‌ನದು. ಬ್ಯಾಟರಿ ಕೇಬಲ್‌ನ ಕಂದು ಬಣ್ಣದ ಹಿಡಿಕೆಯನ್ನು ನೇರ ಮೇಲಕ್ಕೆ, ಎರಡು ಮಿಲಿಮೀಟರ್‌ನಷ್ಟು ಮಾತ್ರ ಎತ್ತಬೇಕು. ಅದು ಕಳಚಿ ಬರುವುದಿಲ್ಲ, ಬರಲೂಬಾರದು. ಎತ್ತಿದ ಮೇಲೆ ಕೇಬಲ್ ತಾನಾಗಿ ಸಡಿಲವಾಗಿ ಹೊರಬರುತ್ತದೆ. ಆಮೇಲೆ ಪುಸ್ತಕ ತೆರೆದ ಹಾಗೆ ಎರಡು ಭಾಗವನ್ನು ಪಕ್ಕಪಕ್ಕ ಮಲಗಿಸಿ, ಡಿಸ್ಕ್ ಎತ್ತಿದರೆ ಅದರ ಅಡಿಯಲ್ಲಿ ಜ್ಯಾಕ್‌ನ ಕೇಬಲ್ ಕಾಣುತ್ತದೆ.

ನಾನು ಬ್ಯಾಟರಿ ಕೇಬಲ್ ಸರಿಯಾಗಿ ಬಿಡಿಸಿದೆ. ಆ ಖುಷಿಯಲ್ಲಿ ಹಿಂಭಾಗವನ್ನು ಸ್ವಲ್ಪ ಜಾಸ್ತಿ ಅಗಲಿಸಿಬಿಟ್ಟೆ. ಜ್ಯಾಕ್‌ನ ರಿಬ್ಬನ್ ತುದಿಯಲ್ಲಿ ಕೂದಲೆಳೆಯಷ್ಟು ಹರಿಯಿತು. ಎಲ್ಲ ಮುಗಿಸಿ ಕೇಳಿದಾಗ ಎಡ ಕಿವಿಗೆ ಮಾತ್ರ ಸದ್ದು. ಆ ರಾತ್ರಿ ನಿದ್ದೆ ಬರಲಿಲ್ಲ. ಜ್ಯಾಕ್ ಮತ್ತು ಹೋಲ್ಡ್ ಸ್ವಿಚ್ ಸೇರಿದ ಬಿಡಿಭಾಗ ಈಗಲೂ ಸಿಗುತ್ತದೆ, ಸಣ್ಣ ಸ್ಕ್ರೂಗಳಲ್ಲಿ ಕೂರುತ್ತದೆ, ಬೆಸುಗೆ ಬೇಡ. ಅದನ್ನು ತರಿಸಿ ಹಾಕಿದ ಮೇಲೆ ಸರಿಹೋಯಿತು.

ಹಳೆಯ ಡಿಸ್ಕ್ ನೋಡಿದರೆ ಅಚ್ಚರಿ. 1.8 ಇಂಚಿನ ತೋಶಿಬಾ ಡ್ರೈವ್, ನಿಮಿಷಕ್ಕೆ 4200 ಸುತ್ತು ತಿರುಗುವ ತಟ್ಟೆ ಒಳಗೆ. ಸುತ್ತ ನೀಲಿ ರಬ್ಬರ್ ಪಟ್ಟಿ. ಇದನ್ನು ಜೇಬಿನಲ್ಲಿಟ್ಟುಕೊಂಡು ಜನ ಓಡುತ್ತಿದ್ದರು, ಅಲ್ವಾ! ಒಂದಿಷ್ಟು ಹಾಡನ್ನು ಒಮ್ಮೆಗೆ ಮೆಮೊರಿಗೆ ಓದಿಕೊಂಡು ತಟ್ಟೆ ನಿಲ್ಲುತ್ತಿತ್ತು, ಆ ಹಾಡುಗಳು ಮುಗಿಯುತ್ತಾ ಬಂದಾಗ ಮತ್ತೆ ತಿರುಗುತ್ತಿತ್ತು. ಅದಕ್ಕೇ ಬ್ಯಾಟರಿ ಅಷ್ಟಾದರೂ ಬರುತ್ತಿತ್ತು.

ಅಡಾಪ್ಟರ್ ಕೂರಿಸುವುದು ಇಡೀ ಕೆಲಸದಲ್ಲಿ ಅತ್ಯಂತ ಸುಲಭ. ಡಿಸ್ಕ್‌ನ ತುದಿಯ ಕಪ್ಪು ಪಟ್ಟಿಯನ್ನು ಉಗುರಿನಿಂದ ಎತ್ತಿದರೆ ಕೇಬಲ್ ಬಿಡುತ್ತದೆ. ಅದೇ ಕೇಬಲ್ ಅಡಾಪ್ಟರ್‌ಗೆ ಹೋಗುತ್ತದೆ. ಒಂದು ಕೂದಲಷ್ಟು ಓರೆಯಾದರೂ ಮತ್ತೆ ಆ ಫೋಲ್ಡರ್ ಚಿತ್ರವೇ ಕಾಣಿಸುತ್ತದೆ. ನೇರ ಇಟ್ಟು, ಪಟ್ಟಿ ಮುಚ್ಚಿ, ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಐಫ್ಲಾಶ್ ಸೋಲೋ ಬಗ್ಗೆ ನನಗೆ ಪೂರ್ತಿ ಸಮಾಧಾನ ಇದೆ. ಚಿಕ್ಕ ಬೋರ್ಡ್, ಅಚ್ಚುಕಟ್ಟಾದ ಬೆಸುಗೆ, ದೊಡ್ಡ ಎಸ್‌ಡಿ ಕಾರ್ಡ್ ನೇರವಾಗಿ ಕೂರುತ್ತದೆ. ಎಂಟು ತಿಂಗಳಲ್ಲಿ ಒಮ್ಮೆಯೂ ಕಾರ್ಡ್ ಕಾಣೆಯಾಗಿಲ್ಲ. ಡಿಸ್ಕ್ ಇದ್ದ ಜಾಗ ಖಾಲಿ ಉಳಿಯುವುದರಿಂದ ಒಂದು ತೆಳು ಸ್ಪಂಜ್ ಚೂರು ಇಟ್ಟೆ. ಇಲ್ಲದಿದ್ದರೆ ಅಲುಗಾಡಿದಾಗ ಒಳಗೆ ಸದ್ದಾಗುತ್ತದೆ.

ಮೋಸ ಹೋದದ್ದು ಕಾರ್ಡ್‌ನಲ್ಲಿ. ಮೊದಲು ತರಿಸಿದ 128 ಜಿಬಿ ಕಾರ್ಡ್ ನಕಲಿ. ಮಾರಿದವರು ಯಾರು ಎನ್ನುವುದು ಮುಖ್ಯವಲ್ಲ, ಪತ್ತೆ ಹಚ್ಚಿದ ಬಗೆ ಮುಖ್ಯ. ನಕಲಿ ಕಾರ್ಡ್ ಕಂಪ್ಯೂಟರ್‌ಗೆ 128 ಎಂದೇ ಹೇಳಿಕೊಳ್ಳುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಸುಮ್ನೆ ಮಾಯ. ಹಾಡಿನ ಹೆಸರು ಇರುತ್ತದೆ, ಹಾಡು ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಎನ್ನುವ ಉಚಿತ ತಂತ್ರಾಂಶಗಳು ಕಾರ್ಡ್ ಪೂರ್ತಿ ಬರೆದು, ವಾಪಸ್ ಓದಿ, ಲೆಕ್ಕ ಹೇಳುತ್ತವೆ. ಗಂಟೆಗಟ್ಟಲೆ ಹಿಡಿಯುತ್ತದೆ. ಆದರೂ ಐಪಾಡ್ ಮುಚ್ಚುವ ಮುಂಚೆ ಮಾಡಿಬಿಡಿ. ಅಂದ ಹಾಗೆ ಅಸಲಿ ಕಾರ್ಡ್ ಕೂಡ 119 ಜಿಬಿ ಎಂದು ತೋರಿಸಬಹುದು. ಅದು ಮೋಸವಲ್ಲ, ಎಣಿಸುವ ಅಳತೆ ಬೇರೆ ಅಷ್ಟೇ.

ಬ್ಯಾಟರಿ ವಿಷಯದಲ್ಲಿ ನಾನು ಒಂದು ಆಯ್ಕೆ ಮಾಡಬೇಕಾಯಿತು. 30 ಜಿಬಿ ಮಾಡೆಲ್ 11 ಮಿಲಿಮೀಟರ್ ದಪ್ಪ, 60 ಜಿಬಿಯದ್ದು 14. ದಪ್ಪ ಹಿಂಭಾಗ ಬೇರೆ ತರಿಸಿ ಹಾಕಿದರೆ 3000 ಎಂಎಎಚ್ ಬ್ಯಾಟರಿ ಹಿಡಿಯುತ್ತದೆ. ತುಂಬಾ ಜನ ಹಾಗೇ ಮಾಡುತ್ತಾರೆ. ಆದರೆ ಈ ಹಿಂಭಾಗದ ತುಂಬ ಅಕ್ಕನ ಗೀರುಗಳಿವೆ. ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ತಗ್ಗು, ಮೆಟ್ಟಿಲ ಮೇಲೆ ಬೀಳಿಸಿದ್ದು. ಅದನ್ನು ತೆಗೆದು ಕನ್ನಡಿಯಂಥ ಹೊಸದನ್ನು ಹಾಕಲು ನನಗೆ ಇಷ್ಟವಾಗಲಿಲ್ಲ. ಹಾಗಾಗಿ ತೆಳು ಹಿಂಭಾಗವೇ ಇರಲಿ ಎಂದು 2000 ಎಂಎಎಚ್ ಎಂದು ಬರೆದಿದ್ದ ಬ್ಯಾಟರಿ ಹಾಕಿದೆ.

ಹಳೆ ಬ್ಯಾಟರಿ ಅಂಟಿನಲ್ಲಿ ಕೂತಿರುತ್ತದೆ. ಅದರಡಿ ಲೋಹದ ವಸ್ತು ತೂರಿಸಲೇಬಾರದು. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು. ಪ್ಲಾಸ್ಟಿಕ್ ಚೂರಿನಿಂದ, ಬಗ್ಗಿಸದೆ, ನಿಧಾನ ಬಿಡಿಸಿ. ಹೊಸ ಬ್ಯಾಟರಿ ಹಾಕಿ ಮುಚ್ಚುವಾಗ ಕೊಂಡಿ ಸರಾಗ ಕೂರದಿದ್ದರೆ ಒತ್ತಬೇಡಿ. ಒಳಗೆ ಏನೋ ದಪ್ಪ ಆಗಿದೆ ಎಂದು ಅರ್ಥ. ನಾನು ಒಮ್ಮೆ ಒತ್ತಿದೆ, ಪರದೆಯ ನಡುವೆ ಬೆಳ್ಳಗೆ ಒಂದು ಕಲೆ ಮೂಡಿತು. ಬ್ಯಾಟರಿ ಪರದೆಯನ್ನು ಹಿಂದಿನಿಂದ ತಳ್ಳುತ್ತಿತ್ತು. ಸ್ಪಂಜ್ ತೆಳು ಮಾಡಿದ ಮೇಲೆ ಕಲೆ ಹೋಯಿತು, ಸದ್ಯ.

ಫಲ ಏನು? ಹೊಸದಾಗಿದ್ದಾಗ ಈ ಮಾಡೆಲ್‌ಗೆ ಕಂಪನಿ ಹೇಳಿದ್ದು 14 ಗಂಟೆ. ನನಗೀಗ ಎಂಪಿ3 ಕೇಳಿದರೆ ಸುಮಾರು 40 ಗಂಟೆ ಬರುತ್ತದೆ. ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕು. ಡಿಸ್ಕ್ ಇದ್ದಾಗಿನ 136 ಗ್ರಾಂಗಿಂತ ಹಗುರವಾಗಿದೆ, ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ.

ಮುಚ್ಚಿದ ಮೇಲೆ ರಿಸ್ಟೋರ್ ಮಾಡಬೇಕು, ಅಂದರೆ ಖಾಲಿ ಕಾರ್ಡ್‌ಗೆ ಐಪಾಡ್‌ನ ಮೂಲ ಸಾಫ್ಟ್‌ವೇರ್ ಹೊಸದಾಗಿ ಹಾಕಬೇಕು. ಮೆನು ಮತ್ತು ನಡುವಿನ ಗುಂಡಿ ಒಟ್ಟಿಗೆ ಒತ್ತಿ ಹಿಡಿಯಿರಿ. ಸೇಬಿನ ಚಿತ್ರ ಬಂದ ತಕ್ಷಣ ನಡುವಿನ ಗುಂಡಿ ಮತ್ತು ಪ್ಲೇ ಗುಂಡಿ ಹಿಡಿದರೆ ಡಿಸ್ಕ್ ಮೋಡ್, ಅಂದರೆ ಕಂಪ್ಯೂಟರ್‌ಗೆ ಅದು ಒಂದು ಡ್ರೈವ್‌ನಂತೆ ಕಾಣುತ್ತದೆ. ಅಲ್ಲಿಂದ ಐಟ್ಯೂನ್ಸ್ ನೋಡಿಕೊಳ್ಳುತ್ತದೆ. ರಾಕ್‌ಬಾಕ್ಸ್ ಹಾಕುವ ಯೋಚನೆ ಇದ್ದರೆ ಈ ಕೆಲಸವನ್ನು ವಿಂಡೋಸ್ ಕಂಪ್ಯೂಟರ್‌ನಲ್ಲೇ ಮಾಡಿ. ವಿಂಡೋಸ್‌ನಲ್ಲಿ ಮಾಡಿದರೆ ಕಾರ್ಡ್‌ಗೆ ಫ್ಯಾಟ್32 ಎನ್ನುವ ಫಾರ್ಮ್ಯಾಟ್ ಸಿಗುತ್ತದೆ, ರಾಕ್‌ಬಾಕ್ಸ್‌ಗೆ ಬೇಕಾದ್ದು ಅದೇ.

ರಾಕ್‌ಬಾಕ್ಸ್ ಬಗ್ಗೆ ಎಷ್ಟು ಹೇಳಿದರೂ ಸಾಲದು. 2001ರಲ್ಲಿ ಆರ್ಕೋಸ್ ಕಂಪನಿಯ ಪ್ಲೇಯರ್‌ಗಳಿಗಾಗಿ ಶುರುವಾದ ಉಚಿತ ಸಾಫ್ಟ್‌ವೇರ್ ಇದು, ಇವತ್ತಿಗೂ ಜೀವಂತ. ಐಟ್ಯೂನ್ಸ್ ಬೇಡ, ಹಾಡಿನ ಫೋಲ್ಡರ್ ಎಳೆದು ಬಿಟ್ಟರೆ ಆಯಿತು. ಮೂಲ ಐಪಾಡ್ ಓದದ ಫ್ಲ್ಯಾಕ್, ಓಗ್, ಓಪಸ್ ಬಗೆಯ ಆಡಿಯೊ ಫೈಲ್‌ಗಳನ್ನೆಲ್ಲ ಓದುತ್ತದೆ. ಹಾಡು ಹಾಡಿನ ನಡುವೆ ತಡೆ ಇಲ್ಲ. ನಿಲ್ಲದೆ ಹರಿಯುವ ಲೈವ್ ರೆಕಾರ್ಡಿಂಗ್ ಕೇಳುವವರಿಗೆ ಇದು ದೊಡ್ಡ ವಿಷಯ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕ್ರಾಸ್‌ಫೀಡ್. ಹಳೆಯ ಸ್ಟೀರಿಯೊ ರೆಕಾರ್ಡಿಂಗ್‌ಗಳಲ್ಲಿ ಒಂದು ವಾದ್ಯ ಪೂರ್ತಿ ಎಡಕ್ಕೆ, ಇನ್ನೊಂದು ಪೂರ್ತಿ ಬಲಕ್ಕೆ ಇರುತ್ತದೆ. ಇಯರ್‌ಫೋನ್‌ನಲ್ಲಿ ಕೇಳಿದರೆ ತಲೆ ಭಾರ. ಕ್ರಾಸ್‌ಫೀಡ್ ಎಡದ ಸ್ವಲ್ಪ ಸದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬೆರೆಸುತ್ತದೆ. ಎದುರಿಗೆ ಸ್ಪೀಕರ್ ಇಟ್ಟು ಕೇಳಿದ ಹಾಗೆ ಆಗುತ್ತದೆ. ಮೂಲ ಸಾಫ್ಟ್‌ವೇರ್ ಅಳಿಯುವುದಿಲ್ಲ. ಶುರುವಾಗುವಾಗ ಹೋಲ್ಡ್ ಸ್ವಿಚ್ ಸರಿಸಿದರೆ ಹಳೆಯ ಐಪಾಡ್ ಬರುತ್ತದೆ. ಅಕ್ಕ ಬಂದಾಗ ಅದನ್ನೇ ತೆರೆದು ಕೊಡುತ್ತೇನೆ.

ಡಿಸ್ಕ್ ತೆಗೆದು ಕಾರ್ಡ್ ಹಾಕಿದರೆ ಧ್ವನಿಯೇ ಬದಲಾಗುತ್ತದೆ ಎನ್ನುವವರಿದ್ದಾರೆ. ನನಗೆ ಹಾಗೆ ಕೇಳಿಸಿಲ್ಲ, ಆಗಲು ಕಾರಣವೂ ಇಲ್ಲ. ಫೈಲ್ ಅದೇ, ಚಿಪ್ ಅದೇ. ಬದಲಾದದ್ದು ಒಂದೇ. ಹೊಸ ಆಲ್ಬಮ್ ಆರಿಸಿದಾಗ ಅಂಗೈಯಲ್ಲಿ ತಟ್ಟೆ ತಿರುಗುವ ಸಣ್ಣ ನಡುಕ ಈಗ ಇಲ್ಲ. ಇನ್ನೂ ಮುಂದೆ ಹೋಗಿ ಬೋರ್ಡ್‌ನ ಕೆಪಾಸಿಟರ್ ಬದಲಿಸಿ, ಕೆಳಗಿನ ಡಾಕ್ ಕಿಂಡಿಯ ಮೂಲಕ ಲೈನ್ ಔಟ್, ಅಂದರೆ ಆಂಪ್ಲಿಫೈಯರ್‌ಗೆ ನೇರ ಧ್ವನಿ, ತೆಗೆಯುವವರಿದ್ದಾರೆ. ಅಷ್ಟು ಸಣ್ಣ ಬೆಸುಗೆಗೆ ನನ್ನ ಕೈ ಇನ್ನೂ ಪಳಗಿಲ್ಲ. ಅದಕ್ಕೆ ಬೇರೊಂದು ಕೆಟ್ಟ ಬೋರ್ಡ್ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇನೆ.

ಹಾಡು ತುಂಬುವುದು ನಿಧಾನ, ಯುಎಸ್‌ಬಿ 2.0 ವೇಗ ಅಷ್ಟೇ. ರಾತ್ರಿ ಹಚ್ಚಿ ಮಲಗಿ.

ಹೋದ ತಿಂಗಳು ಅಕ್ಕ ಬಂದಿದ್ದಳು. ಕೈಗೆ ಕೊಟ್ಟೆ. ಅವಳು ಮೊದಲು ಪರದೆ ನೋಡಲಿಲ್ಲ. ತಿರುಗಿಸಿ, ಮೂಲೆಯ ಆ ತಗ್ಗಿನ ಮೇಲೆ ಬೆರಳಿಟ್ಟಳು. ಆಮೇಲೆ ಇಯರ್‌ಫೋನ್ ಹಾಕಿಕೊಂಡು ಚಕ್ರ ಸುತ್ತಿಸತೊಡಗಿದಳು. ವಾಪಸ್ ಕೊಟ್ಟದ್ದು ಮರುದಿನ ಹೊರಡುವಾಗ.