ನಡುಪುಟ ಇಲ್ಲದ ಪೆಟ್ಟಿಗೆ: ಹಳೇ ಬ್ಯಾಸ್ಕೆಟ್‌ಬಾಲ್ ಪತ್ರಿಕೆಗಳ ಜೊತೆ ಒಂದು ವರ್ಷ

ಮೊದಲು ಬೈದುಬಿಡುತ್ತೇನೆ, ಹೊಗಳುವುದು ಆಮೇಲೆ.

ತೊಂಬತ್ತರ ದಶಕದ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಪತ್ರಿಕೆಗಳ ಒಂದು ಪೆಟ್ಟಿಗೆಯನ್ನು 60 ಡಾಲರ್ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದೆ. ಹೆಚ್ಚಿನವು ಸ್ಲ್ಯಾಮ್. ಕೆಲವು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯದೇ ಆಗಿನ ಅಧಿಕೃತ ಪತ್ರಿಕೆ ಹೂಪ್. ತಳದಲ್ಲಿ ಒಂದೆರಡು ವಾರ್ಷಿಕಾಂಕ, ಜೊತೆಗೆ ಕೇಳದೇ ಬಂದ ಒಂದು ಈಸ್ಟ್‌ಬೇ ಶೂ ಕ್ಯಾಟಲಾಗು. ಸಾಗಣೆ ಖರ್ಚು ಬೇರೆ; ಈ ಕಾಗದ ನೋಡಲು ತೆಳ್ಳಗೆ, ತೂಗಿದರೆ ಕಲ್ಲು. ಎರಡು ಸ್ಟ್ರೀಮಿಂಗ್ ಚಂದಾ ನಿಲ್ಲಿಸಿ ಹೊಂದಿಸಿದ ದುಡ್ಡು ಅದು. ಹಾಗಾಗಿ ‘ಒಳ್ಳೇ ಸ್ಥಿತಿ, ಪುಟಗಳೆಲ್ಲ ಇವೆ’ ಎಂದು ಬರೆದಿದ್ದ ಮಾರಾಟಗಾರರ ಮೇಲೆ ನನಗಿನ್ನೂ ಸಿಟ್ಟಿದೆ.

ಮುಖಪುಟಗಳೇನೋ ಫಳಫಳ. ಮಧ್ಯಕ್ಕೆ ತೆರೆದರೆ ಮಾತ್ರ ಪಿನ್ನು ಬಾಯಿ ಬಿಟ್ಟುಕೊಂಡಿದೆ, ಪೋಸ್ಟರ್ ನಾಪತ್ತೆ. ಹೌದಪ್ಪ, ಪೋಸ್ಟರ್ ಇದ್ದದ್ದೇ ಕಿತ್ತು ಗೋಡೆಗೆ ಅಂಟಿಸಲಿಕ್ಕೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪಿನ್ನು ಹೊಡೆದ ಪತ್ರಿಕೆಯಲ್ಲಿ ಒಂದು ಹಾಳೆ ಎಂದರೆ ನಾಲ್ಕು ಪುಟ. ಅವಸರದಲ್ಲಿ ಎಳೆದವನ ಕೈಗೆ ಪೋಸ್ಟರ್ ಜೊತೆ ಅದರ ಕೆಳಗಿನ ಹಾಳೆಯೂ ಸಡಿಲವಾಗಿ ಬರುತ್ತದೆ. ಅದರೊಂದಿಗೆ ಒಂದು ಲೇಖನದ ಕೊನೆಯೂ ಇನ್ನೊಂದರ ಆರಂಭವೂ ಹೋಗುತ್ತವೆ. ಕೆವಿನ್ ಗಾರ್ನೆಟ್ ಬಗ್ಗೆ ಆಸೆಯಿಂದ ಓದುತ್ತಿದ್ದೆ. 1995ರಲ್ಲಿ ಹೈಸ್ಕೂಲಿನಿಂದ ನೇರವಾಗಿ ಬಂದು, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಐದನೆಯವನಾಗಿ ಆಯ್ಕೆಯಾದ ಹುಡುಗ. ಅವನ ಮಾತು ಒಂದು ವಾಕ್ಯದ ನಡುವೆ ನಿಂತುಹೋಯಿತು, ಮುಂದಿನ ಪುಟದಲ್ಲಿ ಯಾರೋ ಮಂಡಿ ಪಟ್ಟಿ ಮಾರುತ್ತಿದ್ದಾರೆ.

ಪೆಟ್ಟಿಗೆಯನ್ನು ವಾಪಸ್ ಕಳಿಸಬೇಕೆಂದುಕೊಂಡವನು ಹಾಗೇ ಉಳಿಸಿಕೊಂಡೆ. ಈಗ ಅದು ಭಾನುವಾರದ ರಾತ್ರಿಯ ಅಭ್ಯಾಸ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ನುಣುಪು ಕಾಗದಕ್ಕೆ ತೇವ ಆಗದು. ಒಮ್ಮೆ ಒದ್ದೆಯಾಗಿ ಒಣಗಿದರೆ ಪುಟಗಳು ಒಂದಕ್ಕೊಂದು ಅಂಟಿ, ಬಿಡಿಸಿದರೆ ಅಕ್ಷರ ಸಮೇತ ಸಿಪ್ಪೆ ಏಳುತ್ತದೆ. ಬೆರಳಿಗೆ ಉಗುಳು ಹಚ್ಚಿ ಪುಟ ತಿರುಗಿಸುವವರಿಗೆ ನಮ್ಮ ಮನೆಯಲ್ಲಿ ಪ್ರವೇಶವಿಲ್ಲ. ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದು, ಬೆನ್ನು ಪೂರ್ತಿ ಮಡಿಸದೆ, ಮೇಜಿನ ಮೇಲೆ ಅರೆತೆರೆದು ಇಟ್ಟುಕೊಳ್ಳುತ್ತೇನೆ. ಮೊದಲು ಓದುಗರ ಪತ್ರಗಳು, ಆಮೇಲೆ ಶೂ ಜಾಹೀರಾತುಗಳು, ಮುಖಪುಟದ ಲೇಖನ ಕೊನೆಗೆ. ಕ್ಯಾಟಲಾಗು ಬೋನಸ್ಸು: ಒಂದೊಂದು ಶೂವಿನ ತೂಕವನ್ನೂ ಔನ್ಸುಗಳಲ್ಲಿ ಕೊಟ್ಟಿದ್ದಾರೆ, ಅರ್ಧ ಔನ್ಸು ಕಡಿಮೆಯಾದರೆ ಅರ್ಧ ಇಂಚು ಮೇಲೆ ಹಾರುತ್ತೇವೆ ಎಂದು ಹುಡುಗರು ನಂಬಿದ್ದ ಕಾಲವಲ್ಲವೇ.

ಇಷ್ಟೇ ಆಗಿದ್ದರೆ ಮೂರು ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ. ನಾನು ನಿರೀಕ್ಷಿಸದೇ ಇದ್ದದ್ದು ಬೇರೆ: ಈ ಪತ್ರಿಕೆಗಳಿಗೆ ಮುಂದೇನಾಗುತ್ತದೆ ಎಂದು ಗೊತ್ತಿಲ್ಲ.

ತಳದಲ್ಲಿದ್ದ 1993ರ ವಾರ್ಷಿಕಾಂಕ ನೋಡಿ. ಶಿಕಾಗೋ ತಂಡ ಬುಲ್ಸ್ ಮೂರು ವರ್ಷ ಸಾಲಾಗಿ ಚಾಂಪಿಯನ್ ಆಗಿದೆ, ನಾಲ್ಕನೆಯದೂ ಸಾಧ್ಯವೇ ಎಂದು ಪುಟಗಟ್ಟಲೆ ಲೆಕ್ಕಾಚಾರ. ತಂಡದ ತಾರೆ ಮೈಕಲ್ ಜೋರ್ಡನ್ ಇದ್ದೇ ಇರುತ್ತಾನೆ ಎಂಬುದರಲ್ಲಿ ಬರೆದವರಿಗೆ ಎಳ್ಳಷ್ಟೂ ಅನುಮಾನವಿಲ್ಲ. ಅಕ್ಟೋಬರ್ 6ರಂದು ಅವನು ನಿವೃತ್ತಿ ಘೋಷಿಸಿದ. ಅಷ್ಟರಲ್ಲಿ ಈ ಸಂಚಿಕೆ ಅಂಗಡಿಯಲ್ಲಿತ್ತು. ಅವನಿಲ್ಲದೆಯೂ ಬುಲ್ಸ್ ಆ ಸೀಸನ್ನಿನಲ್ಲಿ 55 ಪಂದ್ಯ ಗೆದ್ದಿತು ಎಂಬುದು ನನಗೆ ಗೊತ್ತು, ಪತ್ರಿಕೆಗೆ ಗೊತ್ತಿಲ್ಲ. ಅವನು 1995ರ ಮಾರ್ಚ್ 18ರಂದು ಎರಡೇ ಪದಗಳ ಪ್ರಕಟಣೆ ಕೊಟ್ಟು ಮರಳಿದ, ಹತ್ತು ದಿನ ಕಳೆದು ನ್ಯೂಯಾರ್ಕಿನ ಕ್ರೀಡಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 55 ಪಾಯಿಂಟ್ ಹೊಡೆದ. ಆ ವಸಂತದ ಸಂಚಿಕೆಗಳಲ್ಲಿ ಅವನಿನ್ನೂ ಬೇಸ್‌ಬಾಲ್ ಆಡುತ್ತಲೇ ಇದ್ದಾನೆ; ನಿವೃತ್ತಿಯಾದ ಮೇಲೆ ಅವನು ಹಿಡಿದದ್ದು ಆ ಆಟವನ್ನು. ಅಚ್ಚಿಗೆ ಹೋದ ಮೇಲೆ ಆದದ್ದಕ್ಕೆ ಪಾಪ ಅವರೇನು ಮಾಡಿಯಾರು?

ಆ ಕಾಲದ ಆಟವೇ ತಡವಾಗಿ ತಲುಪುತ್ತಿತ್ತು. ಲಾಸ್ ಏಂಜಲಿಸ್‌ನಲ್ಲಿ ರಾತ್ರಿ ನಡೆದ ಪಂದ್ಯ ಮುಗಿಯುವಷ್ಟರಲ್ಲಿ ನ್ಯೂಯಾರ್ಕಿನ ದಿನಪತ್ರಿಕೆ ಮುದ್ರಣಕ್ಕೆ ಹೋಗಿರುತ್ತಿತ್ತು, ಅಂಕಪಟ್ಟಿ ಮಾರನೇ ದಿನಕ್ಕೂ ಸಿಗದು. ಹಾಗಾಗಿ ತಿಂಗಳ ಪತ್ರಿಕೆ ಸುದ್ದಿಯ ಗೊಡವೆಗೇ ಹೋಗುತ್ತಿರಲಿಲ್ಲ. ಫೋಟೋ ದೊಡ್ಡದಾಗಿ ಹಾಕುತ್ತಿತ್ತು, ಆಟಗಾರನ ಓಣಿಗೆ ಹೋಗಿ ಕೂತು ಬರೆಯುತ್ತಿತ್ತು. 1994ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಸ್ಲ್ಯಾಮ್ ತನ್ನ ಮೊದಲ ಮುಖಪುಟಕ್ಕೆ ಜೋರ್ಡನ್ನನ್ನು ಬಿಟ್ಟು ಲ್ಯಾರಿ ಜಾನ್ಸನ್‌ನನ್ನು ಆರಿಸಿದ್ದರಲ್ಲೇ ಅದರ ಜಾಯಮಾನ ಗೊತ್ತಾಗುತ್ತದೆ. ಹೈಸ್ಕೂಲ್ ಹುಡುಗರಿಂದ ದಿನಚರಿ ಬರೆಸುತ್ತಿದ್ದ ಪತ್ರಿಕೆ ಅದು. ಆಕ್ರನ್ನಿನ ಲೆಬ್ರಾನ್ ಜೇಮ್ಸ್ ಕೂಡ ಶಾಲೆಯಲ್ಲಿದ್ದಾಗ ಅಲ್ಲಿ ಬರೆದ.

ನನ್ನ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಂಚಿಕೆ 1999ರ ಮಾರ್ಚಿನದು. ಮಾಲೀಕರಿಗೂ ಆಟಗಾರರಿಗೂ ಜಟಾಪಟಿ ನಡೆದು ತಿಂಗಳುಗಟ್ಟಲೆ ಆಟವೇ ಇರಲಿಲ್ಲ, ಸೀಸನ್ನು 50 ಪಂದ್ಯಕ್ಕೆ ಇಳಿದಿತ್ತು. ಬರೆಯಲು ಪಂದ್ಯವಿಲ್ಲದಾಗ ಸ್ಲ್ಯಾಮ್ ಮಾಡಿದ್ದೇನು? ಫಿಲಡೆಲ್ಫಿಯಾದ ಸಿಕ್ಸರ್ಸ್ ತಂಡದ ಅಲೆನ್ ಐವರ್ಸನ್‌ನ ಜಡೆ ಬಿಚ್ಚಿಸಿ, ಕೂದಲನ್ನು ಗುಂಡಗೆ ಹರಡಿಸಿ, ತಂಡದ ಹಳೇ ಕಾಲದ ಜೆರ್ಸಿ ತೊಡಿಸಿ ನಿಲ್ಲಿಸಿತು. ನೋಡಿದ ಕೂಡಲೇ ಎಪ್ಪತ್ತರ ದಶಕ ಎನಿಸಬೇಕು, ಎನಿಸುತ್ತದೆ. ಇದರ ಪಕ್ಕದಲ್ಲಿ ಸುಮಾರು ಒಂದು ವರ್ಷದ ನಂತರದ ಹೂಪ್ ಸಂಚಿಕೆ ಇಡಿ. ಅದೇ ಐವರ್ಸನ್, ತೋಳುಗಳು ಮಾತ್ರ ಬೋಳು. ಲೀಗಿನ ಪತ್ರಿಕೆಯವರು ಮುಖಪುಟದಲ್ಲಿ ಅವನ ಹಚ್ಚೆಗಳನ್ನೇ ಅಳಿಸಿಬಿಟ್ಟಿದ್ದರು. ಅವನು ಬಹಿರಂಗವಾಗಿಯೇ ಅಸಮಾಧಾನ ತೋರಿಸಿದ. ಆ ಕಾಲದಲ್ಲಿ ಲೀಗಿಗೆ ತನ್ನ ಆಟಗಾರರ ಬಗ್ಗೆ ಎಷ್ಟು ಮುಜುಗರವಿತ್ತು ಎಂದು ತಿಳಿಯಲು ಈ ಎರಡು ಮುಖಪುಟ ಸಾಕು. ಸ್ಕ್ಯಾನ್ ಮಾಡಿದ ಪ್ರತಿಗಳನ್ನು ಟ್ಯಾಬ್ಲೆಟ್ಟಿನಲ್ಲೂ ನೋಡಿದ್ದೇನೆ. ಅಲ್ಲಿ ಒಂದಾದ ಮೇಲೊಂದು ಸರಿದು ಹೋಗುತ್ತವೆ. ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಾಗ ಕಣ್ಣು ತೋಳಿನಿಂದ ತೋಳಿಗೆ ಹೋಗುತ್ತದೆ.

ಹಾಗೆಂದು ಆ ಕಾಲವನ್ನು ತಲೆ ಮೇಲೆ ಹೊತ್ತು ಮೆರೆಸುವವನು ನಾನಲ್ಲ. ಪುಟ ತಿರುಗಿಸುತ್ತಾ ಹೋದರೆ ಹೆಣ್ಣುಮಕ್ಕಳೇ ಕಾಣುವುದಿಲ್ಲ, ಕಂಡರೂ ಜಾಹೀರಾತಿನಲ್ಲಿ. ಡಬ್ಲ್ಯುಎನ್‌ಬಿಎ ಎಂಬ ಹೆಂಗಸರ ಲೀಗು ಶುರುವಾದದ್ದು 1997ರಲ್ಲಿ. ಮರುವರ್ಷ ಸ್ಲ್ಯಾಮ್ ಮುಖಪುಟಕ್ಕೆ ಶಮೀಕ್ ಹೋಲ್ಡ್ಸ್‌ಕ್ಲಾ ಬಂದಳು, ಅದೂ ಗಂಡಸರ ತಂಡವಾದ ನಿಕ್ಸ್ ಜೆರ್ಸಿಯಲ್ಲಿ! ಇನ್ನೊಬ್ಬ ಆಟಗಾರ್ತಿ, ಮಾಯಾ ಮೂರ್, ಒಬ್ಬಳೇ ಆ ಜಾಗಕ್ಕೆ ಬರಲು 2018 ಆಗಬೇಕಾಯಿತು. ಓದುಗರ ಪತ್ರಗಳಲ್ಲೂ ಕೆಲವು ಈಗ ಯಾರೂ ಅಚ್ಚು ಹಾಕದಂಥವು. ನಗು ಬರುತ್ತದೆ, ನಡುನಡುವೆ ಇರುಸುಮುರುಸೂ ಆಗುತ್ತದೆ.

ನಾಲ್ಕು ಸ್ಟಾರ್. ಒಂದನ್ನು ಪತ್ರಿಕೆಗಳಿಂದಲ್ಲ, ಮಾರಿದವರಿಂದ ಕಳೆದಿದ್ದೇನೆ. ಕೊಳ್ಳುವವರು ಮುಖಪುಟದ ಫೋಟೋ ನೋಡಿ ದುಡ್ಡು ಕಳಿಸಬೇಡಿ; ಪ್ರತಿ ಸಂಚಿಕೆಯ ನಡುಪುಟ ತೆರೆದು ಪಿನ್ನು ಕಾಣುವಂತೆ ಫೋಟೋ ಕಳಿಸಿ ಎಂದು ಕೇಳಿ. ಪಿನ್ನು ತುಕ್ಕು ಹಿಡಿದಿದ್ದರೆ ಬೆಲೆ ಇಳಿಸಲು ಒಳ್ಳೇ ನೆಪ. ಗೋಡೆಗೆ ಹಾಕಲು ಪೋಸ್ಟರ್ ಮಾತ್ರ ಬೇಕಿದ್ದವರಿಗೆ ಬಿಡಿಯಾಗಿಯೇ ಸಿಗುತ್ತವೆ, ದಯವಿಟ್ಟು ಇಡೀ ಸಂಚಿಕೆ ಕೊಂಡು ಕಿತ್ತು ಉಳಿದದ್ದನ್ನು ನನ್ನಂಥವರಿಗೆ ಮಾರಬೇಡಿ. ನಾನೀಗ 1996ರ ಡ್ರಾಫ್ಟಿನ ಹೊತ್ತಿನ ಸಂಚಿಕೆಗಳನ್ನು ಹುಡುಕುತ್ತಿದ್ದೇನೆ: ಹದಿಮೂರನೆಯವನಾಗಿ ಆಯ್ಕೆಯಾಗಿ ಲಾಸ್ ಏಂಜಲಿಸ್ ತಂಡ ಲೇಕರ್ಸ್‌ಗೆ ಹೋದ ಕೋಬಿ ಬ್ರಯಂಟ್ ಎಂಬ ಹೈಸ್ಕೂಲ್ ಹುಡುಗನ ಬಗ್ಗೆ ಯಾರು ಯಾರು ಮೂಗು ಮುರಿದಿದ್ದರು ಎಂದು ಹೆಸರು ಸಮೇತ ಓದಬೇಕು.